ರಾಮೋಜಿ ಫಿಲ್ಮ್ ಸಿಟಿ: ಒಳಗೇ ಉಳಿಯೋದಾ, ರಾತ್ರಿ ಮನೆಗೆ ವಾಪಸ್ ಬರೋದಾ?



ಇವತ್ತಿನ ವಿಷಯ ಸಣ್ಣದು ಅಂತ ನಿಮಗೆ ಅನ್ನಿಸಬಹುದು. ಊರಿಂದ ಅಪ್ಪ-ಅವ್ವ ಬಂದಿದ್ದಾರೆ, ಮಕ್ಕಳಿಗೆ ರಜೆ ಇದೆ, ಎಲ್ಲರನ್ನೂ ರಾಮೋಜಿ ಫಿಲ್ಮ್ ಸಿಟಿಗೆ ಕರ್ಕೊಂಡು ಹೋಗಬೇಕು. ರಾತ್ರಿ ಅಲ್ಲೇ ಒಳಗಿನ ಹೋಟೆಲಲ್ಲಿ ಉಳಿಯೋದಾ, ಹೊರಗೆ ಹತ್ತಿರದಲ್ಲಿ ಎಲ್ಲಾದರೂ ರೂಮ್ ಮಾಡೋದಾ, ಇಲ್ಲಾ ಸುಮ್ಮನೆ ಮನೆಗೆ ವಾಪಸ್ ಬಂದುಬಿಡೋದಾ? ಡಿಸೆಂಬರ್ ಬಂತು ಅಂದ್ರೆ ಹೈದರಾಬಾದ್ ಕನ್ನಡಿಗರ ನಡುವೆ ಈ ಪ್ರಶ್ನೆ ಓಡಾಡೋಕೆ ಶುರು ಆಗುತ್ತೆ. ಬರೋ ಉತ್ತರಗಳು ಎರಡೇ ಥರ. "ದುಡ್ಡು ದಂಡ, ಮನೆಗೆ ಬಂದುಬಿಡಿ" ಅನ್ನೋದು ಒಂದು. "ಒಂದ್ಸಲ ಹೋಗ್ತೀರಿ, ಒಳಗೇ ಉಳೀರಿ" ಅನ್ನೋದು ಇನ್ನೊಂದು. ನಿಮ್ಮ ಜೊತೆ ಯಾರು ಬರ್ತಿದ್ದಾರೆ ಅಂತ ಇಬ್ಬರೂ ಕೇಳಿರಲ್ಲ.

ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಈ ಮಾತು ಪೂರ್ತಿ ಅದರ ಸುತ್ತಾನೇ ಇರುತ್ತೆ.

ನಾವು ಯಾರು, ಎಲ್ಲಿಂದ ಹೊರಡ್ತೀವಿ

ನನ್ನ ಊರು ಕಲಬುರಗಿ. ಎಂ.ಟೆಕ್ ಮುಗಿಸಿ ಕೆಲಸಕ್ಕೆ ಅಂತ ಹೈದರಾಬಾದಿಗೆ ಬಂದು ಹತ್ತು ವರ್ಷ ದಾಟಿತು. ಆಫೀಸ್ ಹೈಟೆಕ್ ಸಿಟಿ ಕಡೆ, ಮನೆ ಸನತ್‌ನಗರದಲ್ಲಿ. ನಮ್ಮಂಥವರು ಸನತ್‌ನಗರದಲ್ಲಿ ಯಾಕೆ ಇರ್ತೀವಿ ಅಂತ ನಿಮಗೆ ಗೊತ್ತೇ ಇದೆ. ಗಚ್ಚಿಬೌಲಿ, ಕೊಂಡಾಪುರದ ಬಾಡಿಗೆ ಇಲ್ಲಿಲ್ಲ. ಭರತ್‌ನಗರ, ಎರ್ರಗಡ್ಡ ಮೆಟ್ರೋ ಸ್ಟೇಷನ್ ಕೈಗೆ ಸಿಗೋ ದೂರ. ತರಕಾರಿಗೆ ಎರ್ರಗಡ್ಡದ ರೈತು ಬಜಾರ್ ಇದೆ. ಕಲಬುರಗಿಯಿಂದ ಬರೋ ರೈಲಿನಲ್ಲಿ ಅಪ್ಪ-ಅವ್ವ ಬೇಗಂಪೇಟೆಯಲ್ಲಿ ಇಳಿದರೆ ಮನೆ ಹತ್ತಿರ.

ಆದರೆ ರಾಮೋಜಿ ಫಿಲ್ಮ್ ಸಿಟಿ ಇರೋದು ಊರಿನ ಇನ್ನೊಂದು ತುದಿಗೆ. ವಿಜಯವಾಡ ಹೈವೇಯಲ್ಲಿ ಎಲ್.ಬಿ. ನಗರ, ವನಸ್ಥಲಿಪುರಂ, ಹಯತ್‌ನಗರ, ಪೆದ್ದ ಅಂಬರ್‌ಪೇಟ್ ಎಲ್ಲಾ ದಾಟಿ ಅಬ್ದುಲ್ಲಾಪುರ್‌ಮೆಟ್ ಹತ್ತಿರ. ನಮ್ಮ ಮನೆಯಿಂದ ಊರೊಳಗಿನ ದಾರಿಯಲ್ಲಿ ಸುಮಾರು 40 ಕಿ.ಮೀ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಹೊರಟರೆ ಒಂದೂಕಾಲು ಗಂಟೆಯಲ್ಲಿ ತಲುಪಬಹುದು. ಸಂಜೆ ಅದೇ ದಾರಿಯಲ್ಲಿ ವಾಪಸ್ ಬರೋಕೆ ಎರಡು ಗಂಟೆ, ಕೆಲವು ದಿನ ಅದಕ್ಕಿಂತಲೂ ಜಾಸ್ತಿ. ಈ ಬೆಳಗ್ಗೆ-ಸಂಜೆ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮನೆಯಲ್ಲಿ ನಾವು ಐದು ಜನ: ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು, ಮತ್ತೆ ವರ್ಷಕ್ಕೆ ಒಂದು ಸಲ ಬರೋ ಅಪ್ಪ-ಅವ್ವ. ಅಪ್ಪನಿಗೆ ಸಕ್ಕರೆ ಕಾಯಿಲೆ, ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಅವ್ವನಿಗೆ ಮಂಡಿ ನೋವು. ಹತ್ತು ನಿಮಿಷ ನಡೀತಾರೆ, ಆಮೇಲೆ ಕೂರಬೇಕು.

ಅವ್ವಂದಿರು ಇಂಥ ಜಾಗಗಳಲ್ಲಿ ಏನು ಮಾಡ್ತಾರೆ ಅಂತ ನೀವೂ ನೋಡಿರ್ತೀರಿ. ಮಧ್ಯಾಹ್ನದ ತನಕ ಜೊತೆಗೆ ನಡೀತಾರೆ. ಆಮೇಲೆ ಒಂದು ನೆರಳು ನೋಡಿ, "ನೀವು ನೋಡ್ಕೊಂಡು ಬರ್ರಿ, ನಾ ಇಲ್ಲೇ ಕುಂದರ್ತೀನಿ, ಬ್ಯಾಗ್ ಇಲ್ಲೇ ಇಡ್ರಿ" ಅಂತಾರೆ. ಅಲ್ಲಿಂದ ಸಂಜೆ ತನಕ ಅವರು ಬ್ಯಾಗ್ ಕಾಯೋರು. ಟಿಕೆಟ್ ಪೂರ್ತಿ ಕೊಟ್ಟಿರ್ತೀವಿ, ಆದರೆ ಅವರು ನೋಡೋದು ಅರ್ಧ ದಿನ. ಊರಿಗೆ ಹೋದ ಮೇಲೆ ಪಕ್ಕದ ಮನೆಯವರು ಕೇಳಿದರೆ "ಭಾಳ ಚಲೋ ಅದ" ಅಂತ ಹೇಳ್ತಾರೆ. ಏನು ನೋಡಿದ್ರಿ ಅಂತ ಮುಂದೆ ಕೇಳಿದರೆ ಮಾತು ಮೊಮ್ಮಗಳ ಕಡೆ ತಿರುಗುತ್ತೆ.

ನಾವು ರೂಮಿನ ಬಗ್ಗೆ ಲೆಕ್ಕ ಹಾಕೋವಾಗ ಪಣಕ್ಕಿಟ್ಟಿರೋದು ಈ ಅರ್ಧ ದಿನವನ್ನ.

ಪಾರ್ಕಿನ ಪಕ್ಕದ ಹೋಟೆಲ್ ಏನನ್ನ ಮಾರುತ್ತೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಒಳಗೆ ಉಳಿಯೋದಾ ಹೊರಗೆ ಉಳಿಯೋದಾ ಅನ್ನೋ ಚರ್ಚೆ ಶುರುವಾಗಿದ್ದೇ ಡಿಸ್ನಿಯಿಂದ. ಕ್ಯಾಲಿಫೋರ್ನಿಯಾದ ಆನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಪಾರ್ಕ್ ಕಟ್ಟೋದ್ರಲ್ಲೇ ವಾಲ್ಟ್ ಡಿಸ್ನಿಯ ದುಡ್ಡೆಲ್ಲಾ ಮುಗಿದಿತ್ತು. ಹಾಗಾಗಿ ಪಕ್ಕದ ಡಿಸ್ನಿಲ್ಯಾಂಡ್ ಹೋಟೆಲನ್ನು ಕಟ್ಟಿದ್ದು ಜ್ಯಾಕ್ ರ‍್ಯಾದರ್ ಅನ್ನೋ ಟಿವಿ ನಿರ್ಮಾಪಕ. ಅದೂ ಅದೇ ವರ್ಷ ಅಕ್ಟೋಬರ್‌ನಲ್ಲಿ ಶುರುವಾಯ್ತು. ಹೆಸರು ಡಿಸ್ನಿಯದ್ದು, ಮಾಲೀಕರು ಬೇರೆ. ಆ ಹೋಟೆಲ್ ಡಿಸ್ನಿ ಕಂಪನಿಯ ಕೈಗೆ ಬಂದದ್ದು 1988ರಲ್ಲಿ. ಅಷ್ಟರೊಳಗೆ ಸುತ್ತಮುತ್ತ ಮೋಟೆಲುಗಳು ಸಾಲಾಗಿ ಎದ್ದಿದ್ದವು. ಪಾರ್ಕಿಗೆ ಬರೋರ ಊಟ-ವಸತಿಯ ದುಡ್ಡು ಬೇರೆಯವರಿಗೆ ಹೋಗ್ತಿತ್ತು.

ಫ್ಲಾರಿಡಾದಲ್ಲಿ ಹಾಗಾಗದ ಹಾಗೆ ನೋಡಿಕೊಂಡರು. 1960ರ ದಶಕದಲ್ಲಿ ಸುಮಾರು 27,000 ಎಕರೆ ಜಮೀನು ಮೊದಲೇ ಖರೀದಿಸಿ, 1971ರ ಅಕ್ಟೋಬರ್ 1ಕ್ಕೆ ಪಾರ್ಕ್ ತೆರೆಯೋವಾಗಲೇ ಕಾಂಟೆಂಪರರಿ, ಪಾಲಿನೇಷಿಯನ್ ಅಂತ ಎರಡು ಹೋಟೆಲ್ ಒಳಗೇ ಇಟ್ಟಿದ್ದರು. ಇವತ್ತು ಅಲ್ಲಿ ಡಿಸ್ನಿ ಹೋಟೆಲಲ್ಲಿ ಉಳಿದವರಿಗೆ ಬೆಳಗ್ಗೆ ಅರ್ಧ ಗಂಟೆ ಮುಂಚೆ ಪಾರ್ಕಿನೊಳಗೆ ಬಿಡ್ತಾರೆ. ಆ ಅರ್ಧ ಗಂಟೆಯಲ್ಲಿ ದೊಡ್ಡ ರೈಡ್‌ಗಳ ಕ್ಯೂ ಸಣ್ಣದಿರುತ್ತೆ. ಅಲ್ಲಿರೋ ನಮ್ಮ ಜನ ರಜೆಗೆ ಆರ್ಲ್ಯಾಂಡೋಗೆ ಹೋಗೋವಾಗ ಹೋಟೆಲ್ ದರದ ಪಕ್ಕದಲ್ಲಿ ಈ ಅರ್ಧ ಗಂಟೆಯನ್ನೂ ಬರ್ಕೊಂಡು ಲೆಕ್ಕ ಹಾಕ್ತಾರೆ.

ಅಂದ್ರೆ ಒಳಗಿನ ಹೋಟೆಲ್ ಹಾಸಿಗೆಯ ಜೊತೆ ಸಮಯವನ್ನೂ ಮಾರುತ್ತೆ. ನಾವು ಕೇಳಬೇಕಾದ್ದು, ನಮ್ಮ ಪಾರ್ಕಲ್ಲಿ ಆ ಸಮಯ ದಿನದ ಯಾವ ಹೊತ್ತಿಗೆ ಸಿಗುತ್ತೆ, ಮತ್ತೆ ಮನೆಯವರಲ್ಲಿ ಯಾರಿಗೆ ಸಿಗುತ್ತೆ ಅಂತ.

ರಾಮೋಜಿ ಫಿಲ್ಮ್ ಸಿಟಿಯದು ಫ್ಲಾರಿಡಾ ಮಾದರಿ. 1996ರಲ್ಲಿ ರಾಮೋಜಿ ರಾವ್ ಅವರು ಶುರು ಮಾಡಿದ್ದು. ಅವರು 2024ರ ಜೂನ್ 8ರಂದು ತೀರಿಕೊಂಡರು. ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೋ ಸಮುಚ್ಚಯ ಅಂತ ಗಿನ್ನೆಸ್ ದಾಖಲೆಯಲ್ಲಿದೆ, 1,666 ಎಕರೆ. ಹೋಟೆಲುಗಳೂ ಒಳಗೇ ಇವೆ: ಐಷಾರಾಮಿ ಬೇಕಾದವರಿಗೆ ಸಿತಾರಾ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ತಾರಾ, ಕಡಿಮೆ ಬಜೆಟ್ಟಿಗೆ ಶಾಂತಿನಿಕೇತನ, ಗುಂಪಾಗಿ ಬರೋರಿಗೆ ಡಾರ್ಮಿಟರಿ ಥರದ ಸಹಾರಾ. ಸಿನಿಮಾದವರು ತಿಂಗಳುಗಟ್ಟಲೆ ಅಲ್ಲೇ ಉಳಿದು ಶೂಟಿಂಗ್ ಮಾಡೋ ಜಾಗ ಅದು, ಹಾಗಾಗಿ ಹೋಟೆಲ್ ಬೇಕೇ ಬೇಕಿತ್ತು.

ಬೇರೆ ಪಾರ್ಕುಗಳಿಗೆ ಇದೇ ಲೆಕ್ಕ ಹಾಗೇ ಹೊಂದಲ್ಲ. ನಮ್ಮ ಹೈದರಾಬಾದಿನ ವಂಡರ್‌ಲಾ 2016ರ ಏಪ್ರಿಲ್‌ನಲ್ಲಿ ರವಿರ್ಯಾಲದಲ್ಲಿ ಶುರುವಾದದ್ದು, ಔಟರ್ ರಿಂಗ್ ರೋಡಿಗೆ ಅಂಟಿಕೊಂಡಂತೆ ಇದೆ. ಗಚ್ಚಿಬೌಲಿಯಲ್ಲಿ ರಿಂಗ್ ರೋಡ್ ಹತ್ತಿದರೆ ಸಿಗ್ನಲ್ ಇಲ್ಲ. ಬೆಳಗ್ಗೆ ಹೋಗಿ ಸಂಜೆ ಬರೋದೇ ಅಲ್ಲಿ ಸಹಜ. ಬೆಂಗಳೂರಿನ ವಂಡರ್‌ಲಾ 2005ರಲ್ಲಿ ಬಿಡದಿ ಹತ್ತಿರ ಶುರುವಾಯ್ತು, ಪಕ್ಕದಲ್ಲೇ ರೆಸಾರ್ಟ್ ಬಂದದ್ದು 2012ರಲ್ಲಿ. ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಹೋಗೋರಿಗೆ ಅದು ಅನುಕೂಲ, ಬೆಂಗಳೂರಲ್ಲೇ ಇರೋರಿಗೆ ಅಷ್ಟು ಬೇಕಾಗಲ್ಲ. ಪಾರ್ಕು ಎಷ್ಟು ದೂರ, ಒಳಗೆ ಎಷ್ಟು ನಡೀಬೇಕು, ಸಂಜೆ ರಸ್ತೆ ಹೇಗಿರುತ್ತೆ, ಈ ಮೂರೂ ಸೇರಿ ತೀರ್ಮಾನ ಆಗಬೇಕು.

ಮೂರು ದಾರಿ, ಮೂರು ಲೆಕ್ಕ

ಈಗ ಸ್ಪ್ರೆಡ್‌ಶೀಟ್ ತೆಗೆಯೋಣ. ಇಂಜಿನಿಯರ್ ಆದ ಮೇಲೆ ಅದಿಲ್ಲದೆ ಆಗಲ್ಲ. ಇಲ್ಲಿ ನಾನು ಹೇಳೋ ದರಗಳು ಲೆಕ್ಕಕ್ಕೆ ಹಿಡಿದ ಅಂಕಿಗಳು. ಸೀಸನ್ ನೋಡಿ ದರ ಏರಿಳಿಯುತ್ತೆ, ನೀವು ಹೋಗೋ ದಿನದ ದರ ಹಾಕ್ಕೊಳ್ಳಿ. ಪ್ರವೇಶ ಟಿಕೆಟ್ ಮೂರೂ ದಾರಿಯಲ್ಲಿ ಇದ್ದೇ ಇರೋದರಿಂದ ಬಿಟ್ಟುಬಿಟ್ಟಿದ್ದೀನಿ.

ಮೊದಲ ದಾರಿ: ಮನೆಯಿಂದ ಹೋಗಿ ಮನೆಗೇ ಬರೋದು. ಐದು ಜನಕ್ಕೆ ದೊಡ್ಡ ಕಾರು, ಪೂರ್ತಿ ದಿನಕ್ಕೆ ಬಾಡಿಗೆ 4,500 ರೂಪಾಯಿ ಅಂತ ಹಿಡಿಯೋಣ. ಅಷ್ಟೇ ಖರ್ಚು.

ಎರಡನೇ ದಾರಿ: ಹೊರಗೆ, ಹಯತ್‌ನಗರ ಅಥವಾ ಎಲ್.ಬಿ. ನಗರದ ಹೋಟೆಲ್. ಎರಡು ರೂಮ್, ಒಂದಕ್ಕೆ 2,500 ರೂಪಾಯಿ. ಟ್ಯಾಕ್ಸ್ ಸೇರಿ 5,250. ಬೆಳಗ್ಗೆ ಮನೆಯಿಂದ ಪಾರ್ಕಿಗೆ ಕ್ಯಾಬ್ 1,500, ಸಂಜೆ ಪಾರ್ಕಿನಿಂದ ಹೋಟೆಲಿಗೆ 600, ಮರುದಿನ ಹೋಟೆಲಿಂದ ಮನೆಗೆ 1,300. ಒಟ್ಟು 8,650.

ಮೂರನೇ ದಾರಿ: ಒಳಗಿನ ಹೋಟೆಲ್. ಎರಡು ರೂಮ್, ಒಂದಕ್ಕೆ 6,000 ರೂಪಾಯಿ. ಟ್ಯಾಕ್ಸ್ ಸೇರಿ 12,600. ಹೋಗೋಕೆ ಬರೋಕೆ ಕ್ಯಾಬ್ 3,000. ಒಟ್ಟು 15,600. ಒಳಗಿನ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಟಿಕೆಟ್ಟೂ ಬೆಳಗಿನ ತಿಂಡಿಯೂ ಸೇರಿರುತ್ತೆ. ಹಾಗಿದ್ದರೆ ಐದು ಜನರ ಟಿಕೆಟ್ ದುಡ್ಡನ್ನು ಇದರಿಂದ ಕಳೀಬೇಕು. ಇದನ್ನು ಬಹಳ ಜನ ಕಳೆಯದೇ ಹೋಲಿಸಿಬಿಡ್ತಾರೆ.

ಟ್ಯಾಕ್ಸ್ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿ ತನಕದ ಹೋಟೆಲ್ ರೂಮಿಗೆ ಜಿಎಸ್‌ಟಿ ಶೇ. 5. ಅದನ್ನು ದಾಟಿದರೆ ಶೇ. 18. 7,400ರ ರೂಮ್ ಟ್ಯಾಕ್ಸ್ ಸೇರಿ 7,770 ಆಗುತ್ತೆ. 7,600ರ ರೂಮ್ 8,968 ಆಗುತ್ತೆ. ದರದಲ್ಲಿ 200 ರೂಪಾಯಿ ವ್ಯತ್ಯಾಸ, ಕೈಯಿಂದ ಹೋಗೋದು ಸುಮಾರು 1,200. ಆನ್‌ಲೈನಲ್ಲಿ ಮೊದಲ ಪುಟದಲ್ಲಿ ಕಾಣೋ ದರ ಎಷ್ಟೋ ಸಲ ಟ್ಯಾಕ್ಸ್ ಇಲ್ಲದ್ದು. ಕೊನೆಯ ಪುಟದ ದರವನ್ನೇ ಹೋಲಿಸಿ.

ಬಸ್ಸು, ಮೆಟ್ರೋ ಲೆಕ್ಕಾನೂ ಹೇಳಿಬಿಡ್ತೀನಿ. ಮಿಯಾಪುರ-ಎಲ್.ಬಿ. ನಗರ ರೆಡ್ ಲೈನ್ 2018ರ ಸೆಪ್ಟೆಂಬರಿನಿಂದ ಪೂರ್ತಿ ಓಡ್ತಿದೆ. ಭರತ್‌ನಗರದಲ್ಲಿ ಹತ್ತಿದರೆ ಎಲ್ಲೂ ಬದಲಾಯಿಸದೆ ಎಲ್.ಬಿ. ನಗರದಲ್ಲಿ ಇಳೀಬಹುದು, ಅಲ್ಲಿಂದ ಆರ್‌ಟಿಸಿ ಬಸ್ಸು ಇಲ್ಲಾ ಕ್ಯಾಬ್. ನಾಲ್ಕು ಜನ ಹುಡುಗರು ಹೋಗೋದಾದ್ರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಅವ್ವನಿಗೆ ಮಾತ್ರ ಬಸ್ಸಲ್ಲಿ ಟಿಕೆಟ್ ತೆಗೀಲೇಬೇಕು. ಅವರ ಆಧಾರ್ ಕಲಬುರಗಿ ವಿಳಾಸದ್ದು, ಅವರದು ಅಲ್ಲಿನ ಶಕ್ತಿ ಯೋಜನೆ. ತೆಲಂಗಾಣದ ಮಹಾಲಕ್ಷ್ಮಿ ಇಲ್ಲಿನ ವಿಳಾಸದ ಹೆಂಗಸರಿಗೆ. ಬೀದರ್ ಬಸ್ ಹತ್ತಿ ಗಡಿ ದಾಟಿದ್ದೇ ತಡ ಅವರ ಫ್ರೀ ಮುಗೀತದೆ ಅಂತ ಅಪ್ಪ ನಗ್ತಾರೆ.

ಎರಡನೇ ದಾರಿ ನಮಗೆ ಯಾಕೆ ಅಲ್ಲ

ಅಂಕಿಗಳನ್ನು ನೋಡಿದ ತಕ್ಷಣ ಮನಸ್ಸು ಮಧ್ಯದ ದಾರಿಗೆ ಹೋಗುತ್ತೆ. ತೀರಾ ಜಾಸ್ತಿಯೂ ಅಲ್ಲ, ರಾತ್ರಿ ದೂರ ಓಡಾಡೋದೂ ಬೇಡ. ಆದರೆ ಸನತ್‌ನಗರದಿಂದ ಹೋಗೋರಿಗೆ ಅದರಲ್ಲಿ ಸಿಗೋದು ಬಹಳ ಕಡಿಮೆ. 4,150 ರೂಪಾಯಿ ಜಾಸ್ತಿ ಕೊಟ್ಟು ಉಳಿಸೋದು ಸಂಜೆಯ ಒಂದು, ಒಂದೂವರೆ ಗಂಟೆ ಪ್ರಯಾಣ. ಮಧ್ಯಾಹ್ನ ಯಾರಿಗಾದರೂ ಸುಸ್ತಾದರೆ ಆ ರೂಮ್ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಪಾರ್ಕ್ ಬಿಟ್ಟು ಗೇಟ್ ತನಕ ಬಂದು, ಅಲ್ಲಿಂದ ಗಾಡಿ ಹಿಡಿದು ಹೋಗಬೇಕು. ಮರುದಿನ ಬೆಳಗ್ಗೆ ಅದೇ ಹೈವೇಯಲ್ಲಿ ಆಫೀಸಿಗೆ ಹೋಗೋರ ಜೊತೆ ಊರೊಳಗೆ ಬರಬೇಕು.

ಹೊರಗಿನ ಹೋಟೆಲ್ ಯಾರಿಗೆ ಸರಿ? ವಿಜಯವಾಡ ಕಡೆಯಿಂದ ಬರೋರಿಗೆ, ಇಲ್ಲಾ ಊರಿಂದ ನೇರವಾಗಿ ಬಂದು ಎರಡು-ಮೂರು ದಿನ ಚಾರ್ಮಿನಾರ್, ಸಾಲಾರ್ ಜಂಗ್ ಎಲ್ಲಾ ನೋಡಿಕೊಂಡು ಹೋಗೋ ನೆಂಟರಿಗೆ. ಅವರಿಗೆ ಮೆಟ್ರೋ ಹತ್ತಿರದ ರೂಮ್ ಒಳ್ಳೇದು. ಹೈದರಾಬಾದಲ್ಲೇ ಮನೆ ಇರೋರಿಗೆ ಹೊರಗಿನ ಹೋಟೆಲ್ ಅಂದ್ರೆ ನಮ್ಮ ಮನೆಯೇ.

ಮನೆಯೇ ಹೋಟೆಲ್ ಆದರೆ

ಅಪ್ಪ ಮೊದಲು ಹೇಳಿದ್ದು ಅದನ್ನೇ. "ಮನಿ ಇದ್ದಾಗ ಹೋಟೆಲ್‌ನ್ಯಾಗ ಯಾಕ ಮಲ್ಕೋಬೇಕೋ ತಮ್ಮಾ?" ಅಪ್ಪನ ತಲೆಮಾರಿನವರಿಗೆ ಹೋಟೆಲಿನಲ್ಲಿ ಉಳಿಯೋದು ಅಂದ್ರೆ ಆ ಊರಲ್ಲಿ ನಮ್ಮವರು ಅಂತ ಯಾರೂ ಇಲ್ಲ ಅಂತ ಅರ್ಥ. ಮಗನ ಮನೆ ಇರೋ ಊರಲ್ಲಿ ರೂಮ್ ಮಾಡಿದರೆ ನೆಂಟರು ಏನಂತಾರೆ ಅನ್ನೋದು ಅವರ ಚಿಂತೆ. ಇದನ್ನು ಜಿಪುಣತನ ಅಂತ ತಳ್ಳಿಹಾಕೋದು ಸರಿಯಲ್ಲ.

ನನ್ನ ಹೆಂಡತಿ ಇನ್ನೊಂದು ಪ್ರಶ್ನೆ ಕೇಳಿದಳು. "ಮನೆಗೇ ವಾಪಸ್ ಬರೋಣ, ಸರಿ. ರಾತ್ರಿ ಹತ್ತೂವರೆಗೆ ಮನೆ ಸೇರ್ತೀವಿ. ಮಾವನವರಿಗೆ ಹೊರಗಿನ ಊಟ ಆಗಲ್ಲ. ಆಗ ಅನ್ನಕ್ಕಿಡೋರು ಯಾರು?" ಅವಳಿಗೂ ಮರುದಿನ ಬೆಳಗ್ಗೆ ಮೀಟಿಂಗ್ ಇತ್ತು. ನಾವು ಗಂಡಸರು ಮನೆಗೆ ಬರೋದನ್ನ ಸೊನ್ನೆ ಖರ್ಚು ಅಂತ ಬರ್ಕೊಳ್ತೀವಿ. ಆ ಸೊನ್ನೆಯೊಳಗೆ ಒಬ್ಬರ ಒಂದೂವರೆ ಗಂಟೆ ಅಡುಗೆ ಕೆಲಸ, ಮಲಗಿರೋ ಮಗುವನ್ನು ಎತ್ತಿಕೊಂಡು ಮಹಡಿ ಹತ್ತೋದು, ಮರುದಿನದ ಟಿಫಿನ್ ಎಲ್ಲಾ ಸೇರಿರುತ್ತೆ. ಮನೆಗೆ ವಾಪಸ್ ಬರೋದೇ ನಿಮ್ಮ ತೀರ್ಮಾನವಾದರೆ ರಾತ್ರಿ ಊಟದ ವ್ಯವಸ್ಥೆಯನ್ನು ಬೆಳಗ್ಗೆಯೇ ಮಾಡಿಟ್ಟು ಹೋಗಿ, ಅದನ್ನು ಮಾಡೋದು ಗಂಡಸರ ಕೆಲಸ ಅಂತ ಇಟ್ಕೊಳ್ಳಿ.

ಒಳಗಿನ ರೂಮಿನ ಬೆಲೆ ಇರೋದು ಮಧ್ಯಾಹ್ನ ಎರಡಕ್ಕೆ

ಈಗ ಮೂರನೇ ದಾರಿ. ಮೊದಲ ದಾರಿಗಿಂತ 11,100 ರೂಪಾಯಿ ಜಾಸ್ತಿ. ಇಷ್ಟು ಕೊಟ್ಟು ರಾತ್ರಿ ಬರೀ ಮಲಗಿ ಎದ್ದು ಬಂದರೆ ಅದು ದಂಡವೇ. ಅಪ್ಪ ಹೇಳಿದ್ದು ಸರಿ.

ಆದರೆ ರಾಮೋಜಿಯ ದಿನ ಹೇಗಿರುತ್ತೆ ನೋಡಿ. ಮುಖ್ಯ ಗೇಟ್ ಹತ್ತಿರ ಗಾಡಿ ಬಿಡ್ತೀರಿ. ಅಲ್ಲಿಂದ ಅವರದೇ ಬಸ್ಸಿನಲ್ಲಿ ಒಳಗೆ ಯುರೇಕಾ ಅನ್ನೋ ಜಾಗಕ್ಕೆ. ಸೆಟ್ ನೋಡೋಕೆ ಮತ್ತೆ ಬಸ್ಸು: ಏರ್‌ಪೋರ್ಟ್, ರೈಲ್ವೆ ಸ್ಟೇಷನ್, ಊರಿನ ಬೀದಿಗಳು, ಬಾಹುಬಲಿ ಸೆಟ್. ಹಕ್ಕಿಗಳ ಪಾರ್ಕ್, ಚಿಟ್ಟೆ ಪಾರ್ಕ್, ಬೋನ್ಸಾಯ್ ತೋಟ ಇವೆಲ್ಲಾ ನಡೆದು ನೋಡೋವು. ಮಕ್ಕಳಿಗೆ ಫಂಡುಸ್ಥಾನ್, ದೊಡ್ಡವರಿಗೆ ಸ್ಟಂಟ್ ಶೋ, ಡ್ಯಾನ್ಸ್ ಶೋ. ಚಳಿಗಾಲದ ಹಬ್ಬದ ಸೀಸನ್‌ನಲ್ಲಿ ಸಂಜೆ ದೀಪಾಲಂಕಾರ, ಕಾರ್ನಿವಲ್ ಮೆರವಣಿಗೆ. ಅಂದ್ರೆ ಚೆನ್ನಾಗಿರೋದು ಬೆಳಗ್ಗೆ ಮತ್ತೆ ಸಂಜೆ. ನಡುವೆ ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ತನಕ ಬಿಸಿಲು, ಊಟದ ಭಾರ, ಮಗುವಿನ ಹಠ. ಮನೆಯವರ ಶಕ್ತಿ ಖಾಲಿಯಾಗೋದು ಆ ಮೂರು ಗಂಟೆಯಲ್ಲೇ. ಅಲ್ಲಿ ಕುಸಿದವರು ಸಂಜೆಗೆ ಮತ್ತೆ ಏಳಲ್ಲ.

ಆ ಮೂರು ಗಂಟೆ ಒಬ್ಬರಿಗೆ ಹಾಸಿಗೆ, ಫ್ಯಾನು, ಸ್ವಂತ ಬಾತ್‌ರೂಮ್ ಸಿಕ್ಕರೆ ಅವರಿಗೆ ಸಂಜೆಯ ನಾಲ್ಕು ಗಂಟೆ ಹೊಸದಾಗಿ ಸಿಗುತ್ತೆ. ಒಳಗಿನ ರೂಮಿಗೆ ನಾವು ಕೊಡೋ ದುಡ್ಡು ನಿಜವಾಗಿ ಇದಕ್ಕೆ. ಅವ್ವ ಮಂಡಿ ಚಾಚಿ ಎರಡು ತಾಸು ಮಲಗಿ, ಚಹಾ ಕುಡಿದು, ಐದು ಗಂಟೆಗೆ ಮತ್ತೆ ನಮ್ಮ ಜೊತೆ ಬಂದರೆ 11,100ರಲ್ಲಿ ಗಂಟೆಗೆ ಸುಮಾರು 2,800 ರೂಪಾಯಿಯ ಹಾಗೆ ಅವ್ವನ ನಾಲ್ಕು ಗಂಟೆ ಕೊಂಡ ಹಾಗೆ. ವರ್ಷಕ್ಕೆ ಒಂದು ಸಲ ಬರೋ ಅವ್ವನಿಗೆ ಅದು ಜಾಸ್ತಿಯಾ ಕಡಿಮೆಯಾ ಅನ್ನೋದು ಅವರವರ ಮನೆಯ ತೀರ್ಮಾನ. ಲೆಕ್ಕ ಮಾತ್ರ ಹೀಗೆ ಹಾಕಬೇಕು ಅಂತ ನನ್ನ ಮಾತು.

ಇದರಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತೆ. ಒಂದೇ ರಾತ್ರಿ ಉಳಿಯೋದಾದ್ರೆ ಯಾವ ರಾತ್ರಿ, ಹಿಂದಿನದ್ದಾ ಮುಂದಿನದ್ದಾ? ದೂರದಿಂದ ಬರೋರು ಹಿಂದಿನ ರಾತ್ರಿ ಹೋಗಿ ಉಳೀತಾರೆ, ಬೆಳಗ್ಗೆ ಬೇಗ ಶುರು ಮಾಡಬಹುದು ಅಂತ. ಸನತ್‌ನಗರದಿಂದ ಬೆಳಗಿನ ದಾರಿ ಸುಲಭ, ಕಷ್ಟ ಇರೋದು ಸಂಜೆಗೆ. ಹಿಂದಿನ ರಾತ್ರಿ ಉಳಿದರೆ ಬೆಳಗ್ಗೆ ರೂಮ್ ಖಾಲಿ ಮಾಡಬೇಕು, ಮಧ್ಯಾಹ್ನಕ್ಕೆ ರೂಮೇ ಇರಲ್ಲ. ಹಾಗಾಗಿ ನಮಗೆ ಮುಂದಿನ ರಾತ್ರಿ. ಬೆಳಗ್ಗೆ ಮನೆಯಲ್ಲಿ ತಿಂಡಿ ತಿಂದು ಹೊರಟು, ಬ್ಯಾಗನ್ನು ಹೋಟೆಲಿಗೆ ಕೊಟ್ಟು, ಮಧ್ಯಾಹ್ನ ರೂಮಿಗೆ.

ಬುಕ್ ಮಾಡೋ ಮುಂಚೆ ಫೋನ್ ಮಾಡಿ ಈ ಐದು ಕೇಳಿ. ಚೆಕ್-ಇನ್ ಎಷ್ಟು ಗಂಟೆಗೆ? ಬೆಳಗ್ಗೆಯೇ ಬ್ಯಾಗ್ ಇಟ್ಕೊಳ್ತೀರಾ? ಮಧ್ಯಾಹ್ನ ಪಾರ್ಕಿನಿಂದ ಹೋಟೆಲಿಗೆ, ಸಂಜೆ ಹೋಟೆಲಿಂದ ಪಾರ್ಕಿಗೆ ಗಾಡಿ ಎಷ್ಟು ಹೊತ್ತಿಗೊಂದು? ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡ್ತೀರಾ? ಲಿಫ್ಟ್ ಇದೆಯಾ, ಇಲ್ಲಾ ನೆಲಮಹಡಿ ರೂಮ್ ಕೊಡ್ತೀರಾ? 1,666 ಎಕರೆ ಜಾಗದಲ್ಲಿ ಒಳಗಿನ ಹೋಟೆಲ್ ಅಂದ್ರೆ ಬಾಗಿಲು ತೆಗೆದ ತಕ್ಷಣ ಪಾರ್ಕ್ ಅಂತ ಅಲ್ಲ, ಗಾಡಿ ಬೇಕೇ ಬೇಕು. ಚೆಕ್-ಇನ್ ತೀರಾ ತಡ ಆದರೆ, ಇಲ್ಲಾ ಮಧ್ಯಾಹ್ನ ಗಾಡಿ ಇಲ್ಲ ಅಂದರೆ, ಒಳಗಿನ ರೂಮಿನ ಮುಖ್ಯ ಲಾಭವೇ ಹೋಯ್ತು. ಆಗ ದುಡ್ಡು ಉಳಿಸಿ, ಮನೆಗೆ ಬನ್ನಿ.

ನಾವು ಮಾಡಿದ್ದು

ನಾವು ಕೊನೆಗೆ ಒಳಗೇ ಉಳಿದೆವು. ಅಪ್ಪನನ್ನು ಒಪ್ಪಿಸಿದ್ದು ನನ್ನ ಸ್ಪ್ರೆಡ್‌ಶೀಟ್ ಅಲ್ಲ. "ಅವ್ವ ಮಧ್ಯಾಹ್ನ ಮಲಗಬೇಕಲ್ಲಪ್ಪಾ, ಎಲ್ಲಿ ಮಲಗ್ತಾಳ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದs ರಾತ್ರಿ ನೋಡು" ಅಂದರು.

ಬೆಳಗ್ಗೆ ಬಸ್ ಸುತ್ತು, ಸೆಟ್‌ಗಳು, ಹಕ್ಕಿಗಳು. ಒಂದು ಗಂಟೆಗೆ ಅಪ್ಪನ ಊಟ ಹೊತ್ತಿಗೆ ಸರಿಯಾಗಿ ಆಯ್ತು. ಎರಡೂವರೆ ಹೊತ್ತಿಗೆ ಅವ್ವ, ಮಗಳು, ನನ್ನ ಹೆಂಡತಿ ರೂಮಿಗೆ ಹೋದರು. ನಾನೂ ಅಪ್ಪನೂ ಪಾರ್ಕಲ್ಲೇ ಉಳಿದೆವು.

ಅಪ್ಪನಿಗೆ ಹೈದರಾಬಾದ್ ಪರ ಊರಲ್ಲ. 1956ರ ತನಕ ಕಲಬುರಗಿ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮಜ್ಜ ಕೋರ್ಟ್ ಕೆಲಸಕ್ಕೆ ಇಲ್ಲಿಗೇ ಬರ್ತಿದ್ದರಂತೆ. ಅಪ್ಪ ಈಗಲೂ ಆಟೋದವರ ಜೊತೆ ದಖನಿ ಉರ್ದುವಿನಲ್ಲೇ ಚೌಕಾಸಿ ಮಾಡ್ತಾರೆ. ಅವತ್ತು ಮಧ್ಯಾಹ್ನ ಒಂದು ಬೆಂಚಿನ ಮೇಲೆ ಕೂತು ನಾನು ಅವರಿಗೆ ಈಟಿವಿ ಕನ್ನಡದ ಕಥೆ ಹೇಳಿದೆ. 2000ನೇ ಇಸವಿಯ ಡಿಸೆಂಬರ್‌ನಲ್ಲಿ ಶುರುವಾದ ಆ ಚಾನೆಲ್ಲಿನ ಸುದ್ದಿ ತಯಾರಾಗ್ತಿದ್ದದ್ದು ಇದೇ ಫಿಲ್ಮ್ ಸಿಟಿಯಲ್ಲಿ. ಕರ್ನಾಟಕದ ಎಷ್ಟೋ ಹುಡುಗ ಹುಡುಗಿಯರು ಪತ್ರಕರ್ತರಾಗಿ ಕೆಲಸ ಕಲಿತದ್ದು ಇಲ್ಲಿ, ನಮ್ಮ ಐಟಿ ಗುಂಪು ಗಚ್ಚಿಬೌಲಿ ತುಂಬೋಕೆ ಮುಂಚೆ. 2015ರ ತನಕ ಅದೇ ಹೆಸರು, ಆಮೇಲೆ ಕಲರ್ಸ್ ಕನ್ನಡ. ಅಪ್ಪ ವರ್ಷಗಟ್ಟಲೆ ರಾತ್ರಿ ಊಟಕ್ಕೆ ಕೂತು ನೋಡಿದ ಸುದ್ದಿ ಅದು. "ಅಂದ್ರ ನಮ್ಮೂರ ಸುದ್ದಿ ಇಲ್ಲಿಂದ ಹೊಂಟು ನಮ್ಮೂರಿಗಿ ಬರ್ತಿತ್ತೇನು?" ಅಂತ ಸುತ್ತಲೂ ನೋಡಿದರು. ಮಧ್ಯಾಹ್ನ ನಮಗೆ ಅವಸರ ಇರಲಿಲ್ಲ, ಅದಕ್ಕೇ ಈ ಮಾತಿಗೆ ಜಾಗ ಸಿಕ್ತು.

ಐದಕ್ಕೆ ಅವ್ವ ಬಂದರು, ಸೀರೆ ಬದಲಿಸಿ, ತಲೆ ಬಾಚಿಕೊಂಡು. ಸಂಜೆಯ ಮೆರವಣಿಗೆ ಪೂರ್ತಿ ನೋಡಿದರು. ಬ್ಯಾಗ್ ರೂಮಲ್ಲಿತ್ತು, ಹಾಗಾಗಿ ಕಾಯೋ ಕೆಲಸ ಯಾರಿಗೂ ಇರಲಿಲ್ಲ. ದೀಪ ಹೊತ್ತಿದ ಮೇಲೆ ಮೊಮ್ಮಗಳಿಗೆ "ಆ ಕಡಿ ನೋಡು, ಆ ಕಡಿ" ಅಂತ ತೋರಿಸ್ತಿದ್ದವರು ಅವ್ವನೇ.

ಕೊನೆಗೆ

ನನ್ನ ಸಲಹೆ ಇಷ್ಟು. ನಿಮ್ಮ ಗುಂಪಿನಲ್ಲಿ ಮೊದಲು ಸುಸ್ತಾಗೋರು ಯಾರು ಅಂತ ಗುರುತಿಸಿ. ಎಲ್ಲರೂ ನಲವತ್ತರೊಳಗಿನವರು, ಸಣ್ಣ ಮಕ್ಕಳಿಲ್ಲ ಅಂದ್ರೆ ಮೆಟ್ರೋ ಹತ್ತಿ, ರಾತ್ರಿ ಮನೆಗೆ ಬನ್ನಿ, ಒಳಗಿನ ರೂಮ್ ನಿಮಗೆ ಬೇಡ. ಗಂಡ, ಹೆಂಡತಿ, ಎಂಟು-ಹತ್ತು ವರ್ಷದ ಮಕ್ಕಳು ಅಂದ್ರೆ ದಿನದ ಬಾಡಿಗೆ ಕಾರು ಸಾಕು, ಮಕ್ಕಳು ವಾಪಸ್ ಬರೋವಾಗ ಕಾರಲ್ಲೇ ಮಲಗ್ತಾರೆ. ಮಂಡಿ ನೋವಿನವರು, ಹೊತ್ತಿಗೆ ಸರಿಯಾಗಿ ಊಟ ಮಾತ್ರೆ ಬೇಕಾದವರು, ಮಧ್ಯಾಹ್ನ ಮಲಗೋ ಮಕ್ಕಳು ಜೊತೆಗಿದ್ದರೆ, ಮತ್ತೆ ಆ ಐದು ಪ್ರಶ್ನೆಗೆ ಹೋಟೆಲಿನವರಿಂದ ಒಳ್ಳೇ ಉತ್ತರ ಸಿಕ್ಕರೆ, ಮುಂದಿನ ರಾತ್ರಿಗೆ ಒಳಗೇ ರೂಮ್ ಮಾಡಿ. ಬಜೆಟ್ ಬಿಗಿ ಇದ್ದರೆ ದೊಡ್ಡ ಹೋಟೆಲೇ ಆಗಬೇಕು ಅಂತಿಲ್ಲ. ಮಧ್ಯಾಹ್ನ ಕಾಲು ಚಾಚೋಕೆ ಸಾದಾ ರೂಮೂ ಸಾಕು. ಐದು ಜನಕ್ಕೆ ಎರಡು ರೂಮ್ ಆಗದಿದ್ದರೆ ಹಿರಿಯರಿಗೆ ಮಾತ್ರ ಒಂದು ರೂಮ್ ಮಾಡಿ ಉಳಿದವರು ಮನೆಗೆ ಬರೋದು ಮಾತ್ರ ಬೇಡ. ಹಾಗೆ ಒಬ್ಬರನ್ನೇ ಬಿಟ್ಟು ಬಂದರೆ ಅವರಿಗೆ ಆ ರಾತ್ರಿ ನಿದ್ದೆ ಬರಲ್ಲ.

ಸಾಧ್ಯವಾದರೆ ಸೋಮವಾರ ಒಂದು ರಜೆ ಹಾಕಿ. ಭಾನುವಾರ ಉಳಿದು ಸೋಮವಾರ ಬೆಳಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ತೆಗೆಯೋದಾದ್ರೆ ಎಲ್ಲರಿಗೂ ಅವಸರ. ಆರಾಮಾಗಿ ತಿಂಡಿ ತಿಂದು, ಹತ್ತು ಗಂಟೆ ಮೇಲೆ ಹೊರಟರೆ ಹೈವೇಯಲ್ಲೂ ಅಷ್ಟು ಗದ್ದಲ ಇರಲ್ಲ.

ಈ ಚಳಿಗಾಲದಲ್ಲಿ ನಿಮ್ಮ ಮನೆಗೂ ಊರಿಂದ ಹಿರಿಯರು ಬರ್ತಿರಬಹುದು. ಅವರು ಬರೋ ಮುಂಚೆ ಫೋನಿನಲ್ಲೇ ಒಂದು ಮಾತು ಕೇಳಿಡಿ: ಮಧ್ಯಾಹ್ನ ಎಷ್ಟು ಹೊತ್ತು ಮಲಗ್ತೀರಿ ಅಂತ. "ನನಗೇನೂ ಬ್ಯಾಡ, ನಾ ಎಲ್ಲಿ ಬೇಕಾದ್ರೂ ಕುಂದರ್ತೀನಿ" ಅಂತ ಹೇಳಿದರೆ ನಂಬಬೇಡಿ. ಒಂದು ಸಲ ಜಾಸ್ತಿ ಕೇಳಿ.